ಥೈರಾಯ್ಡ್ ಗಡ್ಡೆ ಸಾದಾ ಗಡ್ಡೆಯೋ, ಕ್ಯಾನ್ಸರೋ: ಟಿಶ್ಯೂ ಮಾರ್ಕರ್ ಬಳಸುವವರಿಗೊಂದು ಸಮಗ್ರ ಮಾರ್ಗದರ್ಶಿ

ಶಿರಾ, ಪಾವಗಡ, ಚಿಂತಾಮಣಿ, ಮುಳಬಾಗಿಲು ಕಡೆಯ ನರ್ಸಿಂಗ್ ಹೋಮ್‌ಗಳಲ್ಲಿ ತೆಗೆದ ಥೈರಾಯ್ಡ್ ಗಡ್ಡೆಗಳು ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಲ್ಯಾಬ್‌ಗಳಿಗೆ ಬರುತ್ತವೆ. ಬಹುಪಾಲು ಗಡ್ಡೆಗಳಿಗೆ ಮಾಮೂಲಿ ಎಚ್ ಅಂಡ್ ಇ (ಹಿಮಟಾಕ್ಸಿಲಿನ್-ಇಯೋಸಿನ್ ಬಣ್ಣ ಹಾಕಿದ) ಸ್ಲೈಡ್ ಸಾಕು. ಉಳಿದವಕ್ಕೆ ರಿಪೋರ್ಟಿನ ಕೊನೆಯಲ್ಲಿ ‘ಐಎಚ್‌ಸಿ ಮಾಡಿಸಿ’ ಎಂಬ ಸಾಲು ಸೇರುತ್ತದೆ, ಬ್ಲಾಕ್ (ಮೇಣದಲ್ಲಿ ಕೂರಿಸಿದ ಟಿಶ್ಯೂ ತುಂಡು) ಬೆಂಗಳೂರಿಗೆ ಹೋಗುತ್ತದೆ. ಐಎಚ್‌ಸಿ ಎಂದರೆ ಇಮ್ಯುನೊಹಿಸ್ಟೊಕೆಮಿಸ್ಟ್ರಿ: ಮಾರ್ಕರ್ ಎನ್ನುವ ನಿರ್ದಿಷ್ಟ ಪ್ರೋಟೀನನ್ನು ಆ್ಯಂಟಿಬಾಡಿಯಿಂದ ಹಿಡಿದು, ಕಂದು ಬಣ್ಣ ಬರಿಸಿ ತೋರಿಸುವ ಪರೀಕ್ಷೆ. ವಾಪಸ್ ಬರುವ ಉತ್ತರ ಎಷ್ಟೋ ಸಲ ‘ಎಚ್‌ಬಿಎಂಇ-1 ಅಲ್ಲಲ್ಲಿ ಪಾಸಿಟಿವ್, ಕ್ಲಿನಿಕಲ್ ಮಾಹಿತಿಯೊಂದಿಗೆ ಹೋಲಿಸಿ ನೋಡಿ’ ಎಂದಷ್ಟೇ ಇರುತ್ತದೆ. ರೋಗಿಯ ದುಡ್ಡು ಹೋಯಿತು, ಪ್ರಶ್ನೆ ಇದ್ದಲ್ಲೇ ಉಳಿಯಿತು. ಇದರಲ್ಲಿ ಎಚ್‌ಬಿಎಂಇ-1ನಂಥ ಮಾರ್ಕರ್‌ನ ತಪ್ಪು ಕಡಿಮೆ. ಕೇಳಿದ ಪ್ರಶ್ನೆ ಸರಿ ಇರುವುದಿಲ್ಲ, ಇಲ್ಲವೇ ಕಳಿಸಿದ ಬ್ಲಾಕ್ ಸರಿ ಇರುವುದಿಲ್ಲ.

ಈ ಬರಹ ಜಿಲ್ಲಾ ಮಟ್ಟದ ಲ್ಯಾಬ್‌ಗಳ ಪೆಥಾಲಜಿಸ್ಟರು, ಪಿಜಿ ವಿದ್ಯಾರ್ಥಿಗಳು, ಟೆಕ್ನೀಷಿಯನ್ನರಿಗಾಗಿ. ಗಡ್ಡೆ ತೆಗೆಯುವ ಸರ್ಜನ್ನರೂ ಎರಡನೇ ಭಾಗವನ್ನಂತೂ ಓದಬೇಕು.

1. ಆ್ಯಂಟಿಬಾಡಿಗೆ ಮೊದಲು ಪ್ರಶ್ನೆ

ಥೈರಾಯ್ಡ್‌ನಲ್ಲಿ ‘ಇದು ಕ್ಯಾನ್ಸರ್’ ಎಂದು ಒಂದೇ ಏಟಿಗೆ ಹೇಳುವ ಮಾರ್ಕರ್ ಇಲ್ಲ. ಎಚ್‌ಬಿಎಂಇ-1, ಗ್ಯಾಲೆಕ್ಟಿನ್-3, ಸಿಕೆ19, ಸಿಡಿ56 ಈ ನಾಲ್ಕೂ ಮಾರ್ಕರ್‌ಗಳು ‘ಇದು ಪ್ಯಾಪಿಲ್ಲರಿ ಕಾರ್ಸಿನೋಮಾ (ಥೈರಾಯ್ಡ್ ಕ್ಯಾನ್ಸರಿನ ಅತಿ ಸಾಮಾನ್ಯ ಬಗೆ) ಸ್ವಭಾವದ ಜೀವಕೋಶವೇ?’ ಎಂಬ ಪ್ರಶ್ನೆಗೆ ಸುಮಾರಾಗಿ ಉತ್ತರಿಸುತ್ತವೆ. ‘ಈ ಗಡ್ಡೆ ಕವಚ ದಾಟಿದೆಯೇ?’ ಎಂಬುದಕ್ಕೆ ಉತ್ತರಿಸುವುದಿಲ್ಲ. ಫಾಲಿಕ್ಯುಲರ್ ಅಡಿನೋಮಾ (ಸಾದಾ ಗಡ್ಡೆ) ಮತ್ತು ಫಾಲಿಕ್ಯುಲರ್ ಕಾರ್ಸಿನೋಮಾ (ಕ್ಯಾನ್ಸರ್) ನಡುವಿನ ವ್ಯತ್ಯಾಸ ಇರುವುದೇ ಕವಚದಲ್ಲಿ ಮತ್ತು ರಕ್ತನಾಳದಲ್ಲಿ. ಎರಡರ ಜೀವಕೋಶಗಳೂ ಒಂದೇ ಥರ ಕಾಣುತ್ತವೆ, ಒಂದೇ ಥರದ ಆರ್‌ಎಎಸ್ ಜೀನಿನ ಮ್ಯುಟೇಷನ್ ಹೊತ್ತಿರಬಹುದು. ಅಲ್ಲಿ ಮಾರ್ಕರ್‌ಗೆ ಖರ್ಚು ಮಾಡುವ ದುಡ್ಡಿನಲ್ಲಿ ಇನ್ನೂ ಹತ್ತು ಬ್ಲಾಕ್ ಹಾಕುವುದು ಮೇಲು.

ಮಾರ್ಕರ್ ನಿಜವಾಗಿ ಕೆಲಸಕ್ಕೆ ಬರುವ ಸಂದರ್ಭಗಳು ಇವು:

- ಗಳಗಂಡದ ಗಂಟಿನಲ್ಲಿ ಅಥವಾ ಗ್ರೇವ್ಸ್ ಕಾಯಿಲೆಯಲ್ಲಿ ಪ್ಯಾಪಿಲ್ಲಾಗಳು (ಬೆರಳಿನಂಥ ಚಾಚುಗಳು) ಕಾಣುತ್ತಿವೆ. ಅವು ಬರೀ ಹೈಪರ್‌ಪ್ಲೇಸಿಯಾವೋ (ಜೀವಕೋಶಗಳ ಸಾದಾ ಹೆಚ್ಚಳ), ಪ್ಯಾಪಿಲ್ಲರಿ ಕಾರ್ಸಿನೋಮಾವೋ?
- ಕವಚವಿರುವ, ಫಾಲಿಕಲ್‌ಗಳಿಂದಲೇ (ಥೈರಾಯ್ಡ್‌ನ ಪುಟ್ಟ ಚೀಲಗಳು) ಆದ ಗಂಟು. ನ್ಯೂಕ್ಲಿಯಸ್‌ಗಳು ಅರೆಬರೆ ಬದಲಾಗಿವೆ.
- ಹಾಶಿಮೋಟೋ ಥೈರಾಯ್ಡೈಟಿಸ್ (ಥೈರಾಯ್ಡ್ ಉರಿಯೂತ) ಮಧ್ಯೆ ಒಂದು ಅನುಮಾನದ ಮೂಲೆ.
- ಗಡ್ಡೆ ಫಾಲಿಕಲ್ ಜೀವಕೋಶದ್ದೋ, ಮೆಡ್ಯುಲ್ಲರಿಯೋ, ಪ್ಯಾರಾಥೈರಾಯ್ಡೋ, ಬೇರೆ ಅಂಗದಿಂದ ಬಂದದ್ದೋ?

ಕೊನೆಯ ಪ್ರಶ್ನೆಗೆ ಮಾರ್ಕರ್ ಕೊಡುವ ಉತ್ತರ ಬಹುತೇಕ ಖಚಿತ. ಮೊದಲ ಮೂರಕ್ಕೆ ಅದು ಸಾಕ್ಷಿ ಮಾತ್ರ, ತೀರ್ಪು ಎಚ್ ಅಂಡ್ ಇ ಸ್ಲೈಡಿನದು.

ಆ್ಯಂಟಿಬಾಡಿ ಬರೆದು ಕಳಿಸುವ ಮೊದಲು ನ್ಯೂಕ್ಲಿಯಸ್‌ಗೆ ಅಂಕ ಕೊಡಿ. ಗಾತ್ರ ಮತ್ತು ಆಕಾರ (ದೊಡ್ಡದು, ಉದ್ದನೆಯದು, ಒಂದರ ಮೇಲೊಂದು ಬಿದ್ದದ್ದು) ಒಂದು ಅಂಕ. ಪೊರೆಯ ವಕ್ರತೆ (ಅಂಕುಡೊಂಕು ಅಂಚು, ಗೀರು, ಒಳಸೇರಿದ ಗುಳ್ಳೆ) ಇನ್ನೊಂದು. ಕ್ರೊಮ್ಯಾಟಿನ್ ತಿಳಿಯಾಗಿ ಅಂಚಿಗೆ ಸರಿದಿದ್ದರೆ ಮತ್ತೊಂದು. 0 ಅಥವಾ 1 ಬಂದರೆ ಪ್ಯಾಪಿಲ್ಲರಿ ಸ್ವಭಾವದ ನ್ಯೂಕ್ಲಿಯಸ್ ಅಲ್ಲ. 2 ಅಥವಾ 3 ಬಂದರೆ ಹೌದು. 0 ಬಂದ ಗಂಟಿಗೆ ಎಚ್‌ಬಿಎಂಇ-1 ಹಾಕಿಸಿ, ಎಲ್ಲೋ ನಾಲ್ಕು ಫಾಲಿಕಲ್ ಕಂದಾಗಿದೆಯೆಂದು ಗಾಬರಿಯಾಗುವುದು ನಾವೇ ತಂದುಕೊಳ್ಳುವ ತೊಂದರೆ.

2. ಆಪರೇಷನ್ ಥಿಯೇಟರಿನಿಂದ ಲ್ಯಾಬ್‌ವರೆಗೆ

ಐಎಚ್‌ಸಿ ಕೆಡುವುದು ಹೆಚ್ಚಾಗಿ ಇಲ್ಲೇ.

ಗಡ್ಡೆಯನ್ನು ಥಿಯೇಟರಿನಲ್ಲಿ ಕುತೂಹಲಕ್ಕೆ ಕೊಯ್ದು ನೋಡಬೇಡಿ. ಕೊಯ್ದ ಕವಚ ಒಳಕ್ಕೆ ಸುರುಳಿಯಾಗುತ್ತದೆ, ಆಮೇಲೆ ಗಡ್ಡೆ ಕವಚ ದಾಟಿದೆಯೋ ಕತ್ತರಿ ದಾಟಿದೆಯೋ ತಿಳಿಯದು. ಉಪ್ಪಿನಕಾಯಿ ಬಾಟಲಿಗೆ ತುರುಕಿ ಕಳಿಸುವ ಅಭ್ಯಾಸವೂ ಬಿಡಬೇಕು. ಕಿರಿದಾದ ಬಾಯಿಯ ಬಾಟಲಿಗೆ ಮೆತ್ತಗೆ ಹೋದ ಲೋಬ್ ಫಾರ್ಮಲಿನ್‌ನಲ್ಲಿ ಗಟ್ಟಿಯಾದ ಮೇಲೆ ಹೊರಗೆ ಬರುವುದಿಲ್ಲ. ಅಗಲ ಬಾಯಿಯ ಡಬ್ಬಿ ತೆಗೆದುಕೊಳ್ಳಿ, ಗಡ್ಡೆಯ ಹತ್ತು ಪಾಲು ಫಾರ್ಮಲಿನ್ ಹಾಕಿ. ಮೇಲೆ ರೋಗಿಯ ಹೆಸರು, ಬಲ ಅಥವಾ ಎಡ, ತೆಗೆದ ಸಮಯ ಬರೆಯಿರಿ. ಮೇಲಿನ ತುದಿಗೆ ಒಂದು ದಾರ ಕಟ್ಟಿದರೆ ಗುರುತು ಸಿಗುತ್ತದೆ.

ಫಾರ್ಮಲಿನ್ ಬಫರ್ ಮಾಡಿದ್ದೇ ಇರಬೇಕು. ಒಂದು ಲೀಟರಿಗೆ: ಅಂಗಡಿಯ 37–40 ಶೇಕಡಾ ಫಾರ್ಮಾಲ್ಡಿಹೈಡ್ 100 ಮಿಲಿ, ಡಿಸ್ಟಿಲ್ಡ್ ನೀರು 900 ಮಿಲಿ, ಸೋಡಿಯಂ ಡೈಹೈಡ್ರೋಜನ್ ಫಾಸ್ಫೇಟ್ ಮೋನೋಹೈಡ್ರೇಟ್ 4 ಗ್ರಾಂ, ನೀರಿಲ್ಲದ ಡೈಸೋಡಿಯಂ ಹೈಡ್ರೋಜನ್ ಫಾಸ್ಫೇಟ್ 6.5 ಗ್ರಾಂ. ಪಿಎಚ್ 7ರ ಆಸುಪಾಸು ಬರುತ್ತದೆ. ಡಿಸ್ಟಿಲ್ಡ್ ನೀರಿನ ಬದಲು ಬೋರ್‌ವೆಲ್ ನೀರು ಹಾಕಿದರೆ ಬಫರಿನ ಫಾಸ್ಫೇಟ್ ನೀರಿನ ಕ್ಯಾಲ್ಸಿಯಂ ಜತೆ ಸೇರಿ ಬಿಳಿ ಗಸಿಯಾಗಿ ಕೂರುತ್ತದೆ. ಕೋಲಾರ, ಚಿಕ್ಕಬಳ್ಳಾಪುರದ ಗಡಸು ನೀರಿಗೆ ಇದು ಹೊಸದಲ್ಲ. ಬಫರ್ ಇಲ್ಲದ ಹಳೆಯ ಫಾರ್ಮಲಿನ್ ಆಮ್ಲೀಯವಾಗಿ, ರಕ್ತ ತುಂಬಿದ ಗ್ರಂಥಿಯಲ್ಲಿ ಕಂದು-ಕಪ್ಪು ಪುಡಿ ಬಿಡುತ್ತದೆ. ಐಎಚ್‌ಸಿಯ ಡಿಎಬಿ ಬಣ್ಣವೂ ಕಂದೇ ಆದ್ದರಿಂದ ಆ ಪುಡಿ ಮುಂದೆ ಕಣ್ಣು ತಪ್ಪಿಸುತ್ತದೆ.

ಲ್ಯಾಬಿಗೆ ಬಂದೊಡನೆ ತೂಕ ಮಾಡಿ, ಮೂರೂ ಅಳತೆ ಬರೆದು, ಹೊರಮೈಗೆ ಇಂಕ್ ಹಚ್ಚಿ, ಆಮೇಲೆ ಕೊಯ್ಯಿರಿ. ಫಾರ್ಮಲಿನ್ ಗಂಟೆಗೆ ಒಂದು ಮಿಲಿಮೀಟರಿನಷ್ಟೂ ಒಳಗೆ ಹೋಗುವುದು ಕಷ್ಟ. 4 ಸೆಂಟಿಮೀಟರಿನ ಗಡ್ಡೆಯನ್ನು ಇಡಿಯಾಗಿ ರಾತ್ರಿಯಿಡೀ ಮುಳುಗಿಸಿಟ್ಟರೂ ನಡುಭಾಗ ಹಸಿಯಾಗೇ ಇರುತ್ತದೆ. ಅಲ್ಲಿ ನ್ಯೂಕ್ಲಿಯಸ್ ಉಬ್ಬಿ ಮಸುಕಾಗುತ್ತದೆ, ಅಂಕ ಕೊಡುವುದೇ ಸಾಧ್ಯವಾಗುವುದಿಲ್ಲ. 3 ಮಿಲಿಮೀಟರ್ ಹೋಳು ಮಾಡಿ ಹೊಸ ಫಾರ್ಮಲಿನ್‌ನಲ್ಲಿ 12ರಿಂದ 24 ಗಂಟೆ ಇಡಿ. ಶನಿವಾರ ಬಂದದ್ದು ಸೋಮವಾರದವರೆಗೆ ಇದ್ದರೆ ಪರವಾಗಿಲ್ಲ, 72 ಗಂಟೆ ದಾಟಿಸಬೇಡಿ.

ಇನ್ನು ಬ್ಲಾಕ್ ಹಾಕುವುದು. ಗಂಟಿಗೆ ಕವಚವಿದ್ದರೆ ಕವಚದ ಸುತ್ತಳತೆ ಪೂರ್ತಿ ಬ್ಲಾಕಿಗೆ ಹೋಗಬೇಕು. ಪ್ರತಿ ತುಂಡಿನಲ್ಲೂ ಗಂಟು, ಕವಚ, ಪಕ್ಕದ ಸಾಮಾನ್ಯ ಥೈರಾಯ್ಡ್ ಮೂರೂ ಸಿಗಲಿ. 3 ಸೆಂಟಿಮೀಟರಿನ ಗಂಟಿಗೆ ಹತ್ತು-ಹದಿನೈದು ಬ್ಲಾಕ್ ಆಗುವುದು ಸಹಜ. ಗಂಟಿನ ಎರಡೂ ತುದಿಗಳನ್ನು ಟೋಪಿಯಂತೆ ಚಪ್ಪಟೆ ಕೊಯ್ದು ಮಲಗಿಸಿದರೆ ಕವಚ ಓರೆಯಾಗಿ ಕಾಣುತ್ತದೆ, ಇಲ್ಲದ ಇನ್ವೇಷನ್ (ಗಡ್ಡೆ ಕವಚಕ್ಕೋ ರಕ್ತನಾಳಕ್ಕೋ ನುಗ್ಗುವುದು) ಇದ್ದಂತೆ ತೋರುತ್ತದೆ. ಆ ತುದಿಗಳನ್ನು ಕವಚಕ್ಕೆ ಲಂಬವಾಗಿ ಸಣ್ಣ ಹೋಳು ಮಾಡಿ ನಿಲ್ಲಿಸಿ. ಸುಣ್ಣಗಟ್ಟಿದ ಕವಚ ಸಿಕ್ಕರೆ ಆ ತುಂಡನ್ನು ಬೇರೆ ಮಾಡಿ, ಇಡಿಟಿಎಯಲ್ಲಿ ಅಥವಾ ಫಾರ್ಮಿಕ್ ಆ್ಯಸಿಡ್‌ನಲ್ಲಿ ಮೆತ್ತಗೆ ಮಾಡಿ. ನೈಟ್ರಿಕ್ ಆ್ಯಸಿಡ್‌ಗೆ ಹಾಕಿದ ಬ್ಲಾಕಿನಿಂದ ಮಾರ್ಕರ್ ನಿರೀಕ್ಷಿಸಬೇಡಿ.

ಅಪರೂಪಕ್ಕೊಮ್ಮೆ ಕವಚದಲ್ಲಿ ಒಂದು ಸೀಳು, ಅದರಲ್ಲಿ ಫಾಲಿಕಲ್‌ಗಳು, ಸುತ್ತ ಹಿಮೋಸಿಡರಿನ್ ತುಂಬಿದ ಮ್ಯಾಕ್ರೊಫೇಜ್‌ಗಳು ಮತ್ತು ಹೊಸ ನಾರು ಕಾಣುತ್ತದೆ. ಅದು ಎಫ್‌ಎನ್‌ಎಸಿ (ಸಣ್ಣ ಸೂಜಿಯಿಂದ ಜೀವಕೋಶ ತೆಗೆದು ನೋಡುವ ಪರೀಕ್ಷೆ) ಸೂಜಿ ಹೋದ ದಾರಿ, ಇನ್ವೇಷನ್ ಅಲ್ಲ. ಎಫ್‌ಎನ್‌ಎಸಿ ಯಾವಾಗ, ಯಾವ ಕಡೆಯಿಂದ ಮಾಡಿದರು ಎಂಬುದನ್ನು ಸರ್ಜನ್ ರಿಕ್ವೆಸ್ಟ್ ಫಾರಂನಲ್ಲಿ ಬರೆದಿದ್ದರೆ ಅರ್ಧ ಗೊಂದಲ ಮೊದಲೇ ಕಳೆಯುತ್ತದೆ.

3. ಯಾವ ಬ್ಲಾಕ್, ಎಷ್ಟು ಸ್ಲೈಡ್

ಮಾರ್ಕರ್‌ಗೆ ಆರಿಸುವ ಬ್ಲಾಕಿನಲ್ಲಿ ಅನುಮಾನದ ಜಾಗವೂ ಇರಬೇಕು, ಸಾಮಾನ್ಯ ಥೈರಾಯ್ಡ್ ಕೂಡ ಇರಬೇಕು. ಎರಡನೆಯದು ಯಾಕೆ ಬೇಕೆಂಬುದು ಸಿಡಿ56 ವಿಷಯ ಬಂದಾಗ ತಿಳಿಯುತ್ತದೆ.

3 ಮೈಕ್ರಾನ್ ಸೆಕ್ಷನ್‌ಗಳನ್ನು ಒಂದೇ ಸಲಕ್ಕೆ ಹತ್ತು-ಹನ್ನೆರಡು ಕತ್ತರಿಸಿ, ಪೆನ್ಸಿಲ್‌ನಲ್ಲಿ ಸಂಖ್ಯೆ ಹಾಕಿ. ಮೊದಲನೆಯದು ಮತ್ತು ಕೊನೆಯದು ಎಚ್ ಅಂಡ್ ಇಗೆ. ಒಂದೊಂದು ಮಾರ್ಕರ್‌ಗೂ ಬ್ಲಾಕನ್ನು ಮತ್ತೆ ಮೈಕ್ರೊಟೋಮ್‌ಗೆ ಹತ್ತಿಸಿದರೆ ಪ್ರತಿ ಸಲ ಮೇಲ್ಮೈ ಸಮ ಮಾಡಲು ಟಿಶ್ಯೂ ಹೋಗುತ್ತದೆ. 2 ಮಿಲಿಮೀಟರಿನ ಅನುಮಾನದ ಜಾಗ ಹಾಗೆಯೇ ಮಾಯವಾಗುತ್ತದೆ.

ಕಲಾಯ್ಡ್ (ಫಾಲಿಕಲ್‌ನೊಳಗಿನ ಅಂಟು ದ್ರವ) ತುಂಬಿದ ಬ್ಲಾಕ್ ಬ್ಲೇಡಿಗೆ ಸಿಕ್ಕರೆ ಕಿಟಕಿಪಟ್ಟಿಯಂತೆ ಬಿರುಕು ಬಿಡುತ್ತದೆ. ಬ್ಲಾಕಿನ ಮುಖವನ್ನು ಐಸ್ ನೀರಿನ ಮೇಲೆ ಐದು-ಹತ್ತು ನಿಮಿಷ ಕವುಚಿ ಇಟ್ಟು, ನಿಧಾನವಾಗಿ ಕತ್ತರಿಸಿ. ವಾಟರ್ ಬಾತ್ 42–45 ಡಿಗ್ರಿ ಇರಲಿ. ಸೆಕ್ಷನ್ ಮಡಿಕೆ ಬಿದ್ದ ಜಾಗದಲ್ಲಿ ಬಣ್ಣ ಎರಡರಷ್ಟು ಕಾಣುತ್ತದೆ, ಅದನ್ನು ಯಾರೂ ಓದಬಾರದು. ಮಾಮೂಲಿ ಸ್ಲೈಡ್ ಇಲ್ಲಿ ನಡೆಯದು, ಚಾರ್ಜ್ ಇರುವ ಅಥವಾ ಪಾಲಿ-ಎಲ್-ಲೈಸಿನ್ ಹಚ್ಚಿದ ಸ್ಲೈಡ್ ಬೇಕು. ಇಲ್ಲದಿದ್ದರೆ ಮುಂದೆ ಪ್ರೆಷರ್ ಕುಕ್ಕರಿನಲ್ಲಿ ಬಿಸಿ ಮಾಡುವಾಗ ಕಲಾಯ್ಡ್ ಸಮೇತ ಸೆಕ್ಷನ್ ಕಳಚಿಕೊಳ್ಳುತ್ತದೆ. 60 ಡಿಗ್ರಿಯಲ್ಲಿ ಒಂದು ಗಂಟೆ ಒಣಗಿಸಿ. ಕತ್ತರಿಸಿದ ಸ್ಲೈಡನ್ನು ತಿಂಗಳುಗಟ್ಟಲೆ ಇಟ್ಟುಕೊಳ್ಳಬೇಡಿ. ಆ್ಯಂಟಿಜನ್ ಕ್ರಮೇಣ ಸಾಯುತ್ತದೆ, ಬ್ಲಾಕಿನೊಳಗೆ ಮಾತ್ರ ವರ್ಷಗಟ್ಟಲೆ ಇರುತ್ತದೆ.

4. ಸ್ಟೇನ್ ಹಾಕುವ ಕ್ರಮ

ಆಟೋಮ್ಯಾಟಿಕ್ ಯಂತ್ರ ಇದ್ದವರು ಅದರ ಪ್ರೋಟೋಕಾಲ್ ಹಿಡಿಯಲಿ. ಕೈಯಲ್ಲೇ ಮಾಡುವವರಿಗೆ ಈ ಕ್ರಮ.

ಪ್ಯಾರಾಫಿನ್ ತೆಗೆಯಿರಿ: ಕ್ಸೈಲೀನ್ ಎರಡು ಬದಲಾವಣೆ, ತಲಾ 5 ನಿಮಿಷ. ಆಮೇಲೆ ಆಲ್ಕೋಹಾಲ್ ಮೂಲಕ ನೀರಿಗೆ ಇಳಿಸಿ. ಪೆರಾಕ್ಸಿಡೇಸ್ ತಡೆಯಲು 3 ಶೇಕಡಾ ಹೈಡ್ರೋಜನ್ ಪೆರಾಕ್ಸೈಡ್ 10 ನಿಮಿಷ. ಥೈರಾಯ್ಡ್‌ನಲ್ಲಿ ರಕ್ತ ಜಾಸ್ತಿ, ಈ ಹೆಜ್ಜೆ ಬಿಟ್ಟರೆ ಕೆಂಪು ರಕ್ತಕಣಗಳೆಲ್ಲ ಕಂದಾಗುತ್ತವೆ.

ಆ್ಯಂಟಿಜನ್ ರಿಟ್ರೀವಲ್‌ಗೆ (ಫಾರ್ಮಲಿನ್ ಮುಚ್ಚಿಟ್ಟ ಪ್ರೋಟೀನನ್ನು ಬಿಸಿಯಿಂದ ಮತ್ತೆ ತೆರೆಯುವುದಕ್ಕೆ) ಎರಡು ಬಫರ್ ಸಾಕು. ಸಿಟ್ರೇಟ್: ಟ್ರೈಸೋಡಿಯಂ ಸಿಟ್ರೇಟ್ ಡೈಹೈಡ್ರೇಟ್ 2.94 ಗ್ರಾಂ ಒಂದು ಲೀಟರ್ ಡಿಸ್ಟಿಲ್ಡ್ ನೀರಿಗೆ, ಹೈಡ್ರೋಕ್ಲೋರಿಕ್ ಆ್ಯಸಿಡ್ ಹನಿಸಿ ಪಿಎಚ್ 6.0ಕ್ಕೆ ತನ್ನಿ. ಟ್ರಿಸ್-ಇಡಿಟಿಎ: ಟ್ರಿಸ್ ಬೇಸ್ 1.21 ಗ್ರಾಂ, ಇಡಿಟಿಎ 0.37 ಗ್ರಾಂ ಒಂದು ಲೀಟರಿಗೆ, ಪಿಎಚ್ 9.0. ಎರಡಕ್ಕೂ ಟ್ವೀನ್-20 ಅರ್ಧ ಮಿಲಿ. ಯಾವ ಆ್ಯಂಟಿಬಾಡಿಗೆ ಯಾವ ಬಫರ್ ಎಂಬುದು ಅದರ ಕ್ಲೋನ್ (ಆ್ಯಂಟಿಬಾಡಿಯ ತಳಿ) ಮೇಲಿದೆ. ಡಬ್ಬಿಯೊಳಗಿನ ಕಾಗದ ಓದಿ ಶುರುಮಾಡಿ, ನಿಮ್ಮ ಲ್ಯಾಬಿನಲ್ಲಿ ಎರಡನ್ನೂ ಒಮ್ಮೆ ಪರೀಕ್ಷಿಸಿ.

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರೂ ಊರು ಸಮುದ್ರಮಟ್ಟದಿಂದ ಸುಮಾರು 800–900 ಮೀಟರ್ ಎತ್ತರದಲ್ಲಿವೆ. ತೆರೆದ ಬೀಕರಿನಲ್ಲಿ ಎಷ್ಟೇ ಕುದಿಸಿದರೂ ನೀರು 97 ಡಿಗ್ರಿಯ ಆಸುಪಾಸಿಗೆ ನಿಲ್ಲುತ್ತದೆ. ಸಮುದ್ರ ತೀರದ ಊರಿನ ಲ್ಯಾಬ್ ಕೊಟ್ಟ ‘20 ನಿಮಿಷ ಕುದಿಸಿ’ ಎಂಬ ಲೆಕ್ಕ ಇಲ್ಲಿ ಸ್ವಲ್ಪ ಕಡಿಮೆಯೇ ಬೀಳುತ್ತದೆ. ಹಾಗಾಗಿ ಪ್ರೆಷರ್ ಕುಕ್ಕರ್ ಒಳ್ಳೆಯದು. 5 ಲೀಟರಿನ ಸ್ಟೀಲ್ ಕುಕ್ಕರ್, ಇಂಡಕ್ಷನ್ ಸ್ಟೌ. ಅಲ್ಯೂಮಿನಿಯಂ ಬೇಡ, ಸಿಟ್ರೇಟ್ ಅದನ್ನು ತಿನ್ನುತ್ತದೆ. ಬಫರ್ ಕುದಿ ಬಂದ ಮೇಲೆ ಸ್ಲೈಡ್ ಇಳಿಸಿ, ಮುಚ್ಚಿ, ಪೂರ್ತಿ ಪ್ರೆಷರ್ ಏರಿದ ಕ್ಷಣದಿಂದ 3 ನಿಮಿಷ ಗಡಿಯಾರ ನೋಡಿ. ಎಷ್ಟು ಕೂಗು ಎಂದು ಲೆಕ್ಕ ಹಾಕಬೇಡಿ. ಗ್ಯಾಸ್ಕೆಟ್ ಹಳತಾದರೆ, ಉರಿ ಹೆಚ್ಚುಕಡಿಮೆಯಾದರೆ ಕೂಗಿನ ಲೆಕ್ಕ ದಿನಕ್ಕೊಂದು ಥರ ಆಗುತ್ತದೆ, ಅನ್ನಕ್ಕೆ ನಡೆದೀತು. ಪ್ರೆಷರ್ ಇಳಿಸಿ, ಸ್ಲೈಡುಗಳನ್ನು ಅದೇ ಬಿಸಿ ಬಫರಿನಲ್ಲಿ 20 ನಿಮಿಷ ಆರಲು ಬಿಡಿ. ಬಿಸಿಯಲ್ಲೇ ಎತ್ತಿದರೆ ಕ್ಷಣದಲ್ಲಿ ಒಣಗಿ ಹಾಳಾಗುತ್ತದೆ.

ತೊಳೆಯುವುದು ಟಿಬಿಎಸ್‌ನಲ್ಲಿ (ಟ್ರಿಸ್ ಬಫರಿನ ಉಪ್ಪುನೀರು), ಪಿಎಚ್ 7.6, ಮೂರು ಸಲ. ಮೊದಲ ಆ್ಯಂಟಿಬಾಡಿ ಸ್ಲೈಡಿಗೆ 100–200 ಮೈಕ್ರೊಲೀಟರ್, ತೇವದ ಪೆಟ್ಟಿಗೆಯಲ್ಲಿ ಮುಚ್ಚಿ, 30ರಿಂದ 60 ನಿಮಿಷ. ಏಪ್ರಿಲ್‌ನ ಬಿಸಿಲಿನಲ್ಲಿ ಪೆಟ್ಟಿಗೆಯ ತಳಕ್ಕೆ ಒದ್ದೆ ಟಿಶ್ಯೂ ಪೇಪರ್ ಹಾಸದೆ ಇಟ್ಟರೆ ಅಂಚುಗಳು ಒಣಗಿ, ಸೆಕ್ಷನ್ನಿನ ಸುತ್ತ ಕಂದು ಚೌಕಟ್ಟು ಬರುತ್ತದೆ. ಹೊಸ ಸೀಸೆ ತೆರೆದಾಗ 1:50, 1:100, 1:200, 1:400 ಹೀಗೆ ಹಾಕಿ ನೋಡಿ, ಹಿನ್ನೆಲೆ ಸ್ವಚ್ಛವಿದ್ದು ಕಂಟ್ರೋಲ್ (ಉತ್ತರ ಮೊದಲೇ ಗೊತ್ತಿರುವ ಟಿಶ್ಯೂ) ಚೆನ್ನಾಗಿ ಬರುವ ಪ್ರಮಾಣ ಹಿಡಿಯಿರಿ. ಆಮೇಲೆ ಪಾಲಿಮರ್-ಎಚ್‌ಆರ್‌ಪಿ (ಮೊದಲ ಆ್ಯಂಟಿಬಾಡಿಗೆ ಅಂಟುವ, ಬಣ್ಣ ಬರಿಸುವ ಕಿಣ್ವ ಹೊತ್ತ ದ್ರಾವಣ) 30 ನಿಮಿಷ, ತೊಳೆದು ಡಿಎಬಿ 5 ನಿಮಿಷ. ಹಿಮಟಾಕ್ಸಿಲಿನ್ ಅರ್ಧದಿಂದ ಒಂದು ನಿಮಿಷ. ನೀಲಿ ಬರಿಸಲು ನಮ್ಮ ಬೋರ್‌ವೆಲ್ ನೀರಿನ ಕ್ಷಾರ ಗುಣ ಇಲ್ಲಿ ಮಾತ್ರ ಉಪಕಾರಿ, ಅಮೋನಿಯಾ ಬೇಕಾಗುವುದಿಲ್ಲ. ಡಿಎಬಿ ಕ್ಯಾನ್ಸರ್ ತರಬಹುದೆಂಬ ಅನುಮಾನವಿರುವ ರಾಸಾಯನಿಕ. ಗ್ಲೌಸ್ ಹಾಕಿ, ಉಳಿದದ್ದನ್ನು ಸಿಂಕಿಗೆ ಸುರಿಯದೆ ರಾಸಾಯನಿಕ ತ್ಯಾಜ್ಯದ ಡಬ್ಬಿಗೆ ಹಾಕಿ.

ಪಾಲಿಮರ್ ಯಾಕೆ, ಬಯೋಟಿನ್ ಯಾಕೆ ಬೇಡ

ಅಗ್ಗವೆಂದು ಹಳೆಯ ಅವಿಡಿನ್-ಬಯೋಟಿನ್ ಕಿಟ್ ಬಳಸುವವರು ಇನ್ನೂ ಇದ್ದಾರೆ. ಬೇರೆ ಅಂಗಗಳಿಗೆ ಹೇಗೋ ಸಾಗುತ್ತದೆ, ಥೈರಾಯ್ಡ್‌ಗೆ ಬೇಡ. ಆಂಕೋಸೈಟಿಕ್ ಜೀವಕೋಶಗಳ ತುಂಬ ಮೈಟೊಕಾಂಡ್ರಿಯಾ ಇರುತ್ತದೆ, ಮೈಟೊಕಾಂಡ್ರಿಯಾದಲ್ಲಿ ಸ್ವಂತ ಬಯೋಟಿನ್ ಇರುತ್ತದೆ. ಕುಕ್ಕರಿನ ಬಿಸಿ ಅದನ್ನು ಹೊರಗೆಳೆಯುತ್ತದೆ, ಅವಿಡಿನ್ ಅದಕ್ಕೇ ಅಂಟುತ್ತದೆ. ಫಲವಾಗಿ ಪೂರ್ತಿ ಸಾದಾ ಆಂಕೋಸೈಟಿಕ್ ಅಡಿನೋಮಾವೂ, ಹಾಶಿಮೋಟೋದ ಗುಲಾಬಿ ಜೀವಕೋಶಗಳೂ ಗ್ಯಾಲೆಕ್ಟಿನ್-3ಗೆ ಗಾಢ ಪಾಸಿಟಿವ್ ಆಗಿ ಕಾಣುತ್ತವೆ. ಹಿಡಿಯುವ ದಾರಿ ಸುಲಭ: ಮೊದಲ ಆ್ಯಂಟಿಬಾಡಿ ಹಾಕದ ಸ್ಲೈಡಿನಲ್ಲೂ ಅದೇ ಕಂದು ಬಂದಿದ್ದರೆ ಅದು ಬಯೋಟಿನ್. ಪ್ರತಿ ಕೇಸಿಗೂ ಆ ನೆಗೆಟಿವ್ ಸ್ಲೈಡ್ ಹಾಕಿ. ಹಿಮೋಸಿಡರಿನ್, ಫಾರ್ಮಲಿನ್ ಪುಡಿ ಕೂಡ ಅದರಲ್ಲೇ ಬಯಲಾಗುತ್ತವೆ.

5. ನಾಲ್ಕು ಮಾರ್ಕರ್ ಓದುವುದು

ಎಚ್‌ಬಿಎಂಇ-1 ಬಣ್ಣ ಜೀವಕೋಶದ ಪೊರೆಯ ಮೇಲೆ, ಮುಖ್ಯವಾಗಿ ಫಾಲಿಕಲ್‌ನ ಒಳಬದಿಯ ಅಂಚಿನಲ್ಲಿ ಗೆರೆ ಎಳೆದಂತೆ ಬರಬೇಕು. ಕಲಾಯ್ಡ್ ಮಾತ್ರ ಕಂದಾಗಿದ್ದರೆ ಲೆಕ್ಕಕ್ಕಿಲ್ಲ. ಮೂರು ಪಾಸಿಟಿವ್ ಮಾರ್ಕರ್‌ಗಳಲ್ಲಿ ಇದರ ಮಾತಿಗೆ ತೂಕ ಹೆಚ್ಚು. ಸಾಮಾನ್ಯ ಥೈರಾಯ್ಡ್ ಇದಕ್ಕೆ ನೆಗೆಟಿವ್.

ಗ್ಯಾಲೆಕ್ಟಿನ್-3 ಸೈಟೊಪ್ಲಾಸಂನಲ್ಲಿ ಬರಬೇಕು, ನ್ಯೂಕ್ಲಿಯಸ್ ಜತೆಗೆ ಬಂದರೂ ಸರಿ. ಬರೀ ನ್ಯೂಕ್ಲಿಯಸ್ ಮಾತ್ರ ಕಂದಾಗಿದ್ದರೆ ಪಾಸಿಟಿವ್ ಎನ್ನಬೇಡಿ. ಮ್ಯಾಕ್ರೊಫೇಜ್ ಮತ್ತು ರಕ್ತನಾಳದ ಒಳಪೊರೆ ಇದಕ್ಕೆ ಸದಾ ಪಾಸಿಟಿವ್. ಅವು ಕಂದಾಗಿದ್ದರೆ ಸ್ಟೇನ್ ಕೆಲಸ ಮಾಡಿದೆ ಎಂದರ್ಥ. ಆದರೆ ಸಿಸ್ಟ್ ಆದ ಗಂಟಿನಲ್ಲಿ ಒಳಗೆ ತುಂಬಿದ ಮ್ಯಾಕ್ರೊಫೇಜ್‌ಗಳನ್ನು ಗಡ್ಡೆಯ ಜೀವಕೋಶ ಎಂದು ಓದುವ ತಪ್ಪೂ ಇಲ್ಲೇ ಆಗುವುದು.

ಸಿಕೆ19 ಬಹಳ ಉದಾರಿ. ಪ್ಯಾಪಿಲ್ಲರಿ ಕಾರ್ಸಿನೋಮಾದಲ್ಲಿ ಗಾಢವಾಗಿ, ಎಲ್ಲೆಡೆ ಬರುತ್ತದೆ. ಹಾಶಿಮೋಟೋದಲ್ಲಿ, ಸೂಜಿ ಹೋದ ದಾರಿಯ ಪಕ್ಕ, ಕವಚದಂಚಿಗೆ ಅದುಮಿದ ಫಾಲಿಕಲ್‌ಗಳಲ್ಲಿ ತುಸು ತುಸು ಬರುತ್ತದೆ. ಗಾಢವಾಗಿ ಹರಡಿಕೊಂಡಿದ್ದರೆ ಮಾತ್ರ ಮಾತು. ತೀರಾ ನೆಗೆಟಿವ್ ಬಂದರೆ ಅದಕ್ಕೆ ಹೆಚ್ಚು ಬೆಲೆ: ಮಾಮೂಲಿ ಪ್ಯಾಪಿಲ್ಲರಿ ಕಾರ್ಸಿನೋಮಾ ಆಗಿರುವ ಸಾಧ್ಯತೆ ಕಡಿಮೆ.

ಸಿಡಿ56 ಉಲ್ಟಾ. ಸಾಮಾನ್ಯ ಫಾಲಿಕಲ್, ಗಳಗಂಡದ ಗಂಟು, ಬಹುಪಾಲು ಅಡಿನೋಮಾಗಳಲ್ಲಿ ಪೊರೆಯ ಮೇಲೆ ಬಣ್ಣ ಇರುತ್ತದೆ, ಪ್ಯಾಪಿಲ್ಲರಿ ಕಾರ್ಸಿನೋಮಾದಲ್ಲಿ ಕಳೆದುಹೋಗುತ್ತದೆ. ಅಂದರೆ ಇಲ್ಲಿ ‘ಬಣ್ಣ ಇಲ್ಲ’ ಎಂಬುದೇ ಕೆಟ್ಟ ಸುದ್ದಿ. ಆ್ಯಂಟಿಬಾಡಿ ಹಾಳಾಗಿದ್ದರೆ, ಕುಕ್ಕರ್ ಸರಿಯಾಗಿ ಪ್ರೆಷರ್ ಹಿಡಿಯದಿದ್ದರೆ, ಡಿಎಬಿ ಹಳತಾಗಿದ್ದರೆ ಆಗಲೂ ಬಣ್ಣ ಬರುವುದಿಲ್ಲ. ಬೇರೆ ಮಾರ್ಕರ್‌ಗಳಲ್ಲಿ ಸ್ಟೇನ್ ಕೆಟ್ಟರೆ ಕ್ಯಾನ್ಸರ್ ತಪ್ಪಿಹೋಗುತ್ತದೆ, ಇದರಲ್ಲಿ ಕೆಟ್ಟರೆ ಇಲ್ಲದ ಕ್ಯಾನ್ಸರ್ ಹುಟ್ಟುತ್ತದೆ. ಅದಕ್ಕೇ ಅದೇ ಸ್ಲೈಡಿನಲ್ಲಿ ಪಕ್ಕದ ಸಾಮಾನ್ಯ ಥೈರಾಯ್ಡ್ ಬೇಕೇಬೇಕು. ಅದು ಕಂದಾಗಿ, ಗಡ್ಡೆ ಬಿಳಿಯಾಗಿ ಉಳಿದಿದ್ದರೆ ನಂಬಿ. ಎರಡೂ ಬಿಳಿಯಾದರೆ ಸ್ಲೈಡನ್ನು ಕಸಕ್ಕೆ ಹಾಕಿ ಮತ್ತೆ ಮಾಡಿ. ಸಾಮಾನ್ಯ ಭಾಗವಿಲ್ಲದ ಸಣ್ಣ ತುಂಡಿನಲ್ಲಿ ನರವೇನಾದರೂ ಸಿಕ್ಕರೆ ಅದನ್ನು ನೋಡಿ, ನರಕ್ಕೂ ಸಿಡಿ56 ಹಿಡಿಯುತ್ತದೆ.

ಒಟ್ಟು ಓದುವಾಗ ಎಚ್‌ಬಿಎಂಇ-1, ಗ್ಯಾಲೆಕ್ಟಿನ್-3, ಸಿಕೆ19 ಮೂರರಲ್ಲಿ ಎರಡು ಅಥವಾ ಮೂರು ಗಾಢವಾಗಿ ಹರಡಿ ಬಂದು, ಸಿಡಿ56 ಕಳೆದಿದ್ದರೆ ಪ್ಯಾಪಿಲ್ಲರಿ ಕಡೆಗೆ ವಾಲಿದಂತೆ. ಮೂರೂ ನೆಗೆಟಿವ್, ಸಿಡಿ56 ಉಳಿದಿದೆ ಎಂದರೆ ಸಾದಾ ಗಂಟಿನ ಕಡೆಗೆ. ಒಂದೇ ಒಂದು ಮಾರ್ಕರ್, ಅದೂ ಅಲ್ಲಲ್ಲಿ ಬಂದಿದ್ದರೆ ಅದರಿಂದ ಏನೂ ತೀರ್ಮಾನ ಮಾಡಬೇಡಿ. ಎಷ್ಟು ಶೇಕಡಾ ಜೀವಕೋಶ ಬಂದರೆ ಪಾಸಿಟಿವ್ ಎಂಬುದಕ್ಕೆ ಎಲ್ಲರೂ ಒಪ್ಪಿದ ಗೆರೆಯಿಲ್ಲ. 10 ಹಿಡಿಯುವವರೂ ಇದ್ದಾರೆ, 25 ಹಿಡಿಯುವವರೂ ಇದ್ದಾರೆ. ಯಾವುದನ್ನು ಹಿಡಿದರೂ ರಿಪೋರ್ಟಿನಲ್ಲಿ ಶೇಕಡಾವಾರು ಮತ್ತು ಗಾಢತೆ ಎರಡನ್ನೂ ಬರೆಯಿರಿ.

6. ಬಿಆರ್‌ಎಎಫ್ ಮತ್ತು ಎನ್ಐಎಫ್‌ಟಿಪಿ

ಬಿಆರ್‌ಎಎಫ್ ವಿ600ಇ ಮ್ಯುಟೇಷನ್ ಹುಡುಕುವ ವಿಇ1 ಆ್ಯಂಟಿಬಾಡಿ ಉಳಿದವುಗಳಿಗಿಂತ ಬೇರೆ ಜಾತಿಯದು. ಇದು ಸೈಟೊಪ್ಲಾಸಂನಲ್ಲಿ ಸಮವಾಗಿ, ಗಡ್ಡೆಯ ಎಲ್ಲ ಜೀವಕೋಶಗಳಲ್ಲಿ ಬಂದರೆ ಪ್ಯಾಪಿಲ್ಲರಿ ಕಾರ್ಸಿನೋಮಾ ಎನ್ನಲು ಬಲವಾದ ಆಧಾರ. ನೆಗೆಟಿವ್ ಬಂದರೆ ಸಾದಾ ಗಡ್ಡೆ ಎಂದಲ್ಲ. ಈ ಮ್ಯುಟೇಷನ್ ಇಲ್ಲದ ಪ್ಯಾಪಿಲ್ಲರಿ ಕಾರ್ಸಿನೋಮಾಗಳು ಬೇಕಾದಷ್ಟಿವೆ.

ಕವಚವಿರುವ, ಇನ್ವೇಷನ್ ಇಲ್ಲದ, ಪ್ಯಾಪಿಲ್ಲರಿ ಥರದ ನ್ಯೂಕ್ಲಿಯಸ್ ಇರುವ ಫಾಲಿಕಲ್ ಗಡ್ಡೆಗೆ 2016ರಲ್ಲಿ ‘ಕ್ಯಾನ್ಸರ್’ ಪದ ತೆಗೆದು ಎನ್ಐಎಫ್‌ಟಿಪಿ ಎಂದು ಹೆಸರಿಟ್ಟರು. 2022ರ ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣದಲ್ಲಿ ಅದು ಕಡಿಮೆ ಅಪಾಯದ ಗಡ್ಡೆಗಳ ಗುಂಪಿನಲ್ಲಿದೆ. ಈ ಹೆಸರು ಕೊಡಬೇಕಾದರೆ ನ್ಯೂಕ್ಲಿಯಸ್ ಅಂಕ 2 ಅಥವಾ 3 ಇರಬೇಕು. ನಿಜವಾದ ಪ್ಯಾಪಿಲ್ಲಾ 1 ಶೇಕಡಾಕ್ಕಿಂತ ಕಡಿಮೆ, ಸಾಲಿಡ್ ಅಥವಾ ಟ್ರಾಬೆಕ್ಯುಲರ್ ಭಾಗ 30 ಶೇಕಡಾ ಮೀರಬಾರದು. ಸ್ಯಾಮೋಮಾ ಕಣ (ಪದರಪದರದ ಸುಣ್ಣದ ಉಂಡೆ), ನೆಕ್ರೋಸಿಸ್ (ಸತ್ತ ಭಾಗ) ಇರಬಾರದು, ಮೈಟೋಸಿಸ್ (ವಿಭಜನೆಯಾಗುತ್ತಿರುವ ಜೀವಕೋಶ) 2 ಚದರ ಮಿಲಿಮೀಟರಿಗೆ 3 ಮುಟ್ಟಬಾರದು. ಕವಚ ಪೂರ್ತಿ ಬ್ಲಾಕಿಗೆ ಹೋಗಿ, ಎಲ್ಲೂ ಇನ್ವೇಷನ್ ಸಿಕ್ಕಿರಬಾರದು. ವಿಇ1 ಪಾಸಿಟಿವ್ ಆದರೆ ಎನ್ಐಎಫ್‌ಟಿಪಿ ಅಲ್ಲ. ಎಚ್‌ಬಿಎಂಇ-1, ಗ್ಯಾಲೆಕ್ಟಿನ್-3 ಎನ್ಐಎಫ್‌ಟಿಪಿಯಲ್ಲೂ ಬರಬಹುದು, ಅವುಗಳ ಮೇಲೆ ನಿಂತು ಇದನ್ನು ಕ್ಯಾನ್ಸರ್ ಮಾಡಬೇಡಿ. ಎನ್‌ಆರ್‌ಎಎಸ್ ಕ್ಯು61ಆರ್ ಆ್ಯಂಟಿಬಾಡಿಯೂ ಹಾಗೆಯೇ: ಅಡಿನೋಮಾದಲ್ಲೂ ಬರುತ್ತದೆ.

ಇನ್ವೇಷನ್ ಇದೆಯೇ ಎಂಬುದಕ್ಕೆ ಮಾರ್ಕರ್ ಪರೋಕ್ಷವಾಗಿ ಸಹಾಯ ಮಾಡುವ ಒಂದು ಜಾಗವಿದೆ. ಕವಚದೊಳಗಿನ ಪೊಟರೆ ರಕ್ತನಾಳವೋ, ಸೆಕ್ಷನ್ ಕುಗ್ಗಿ ಆದ ಬಿರುಕೋ ತಿಳಿಯದಾಗ ರಕ್ತನಾಳದ ಒಳಪೊರೆಗೆ ಬಣ್ಣ ಹಿಡಿಯುವ ಸಿಡಿ31 ಅಥವಾ ಇಆರ್‌ಜಿ ಹಾಕಿ. ರಕ್ತನಾಳ ಕವಚದಲ್ಲಿ ಅಥವಾ ಅದರಾಚೆ ಇರಬೇಕು, ಗಡ್ಡೆಯೊಳಗಿನದು ಲೆಕ್ಕಕ್ಕಿಲ್ಲ. ಒಳಗಿನ ಗಡ್ಡೆಯ ತುಂಡು ಗೋಡೆಗೆ ಅಂಟಿ, ಮೇಲೆ ಎಂಡೋಥೀಲಿಯಂ ಹೊದ್ದಿರಬೇಕು ಅಥವಾ ಫೈಬ್ರಿನ್ ಜತೆಗಿರಬೇಕು. ಸುಮ್ಮನೆ ತೇಲುವ ತುಂಡು ಬ್ಲೇಡ್ ತಂದು ಹಾಕಿದ್ದು. ನಾಲ್ಕಕ್ಕಿಂತ ಕಡಿಮೆ ರಕ್ತನಾಳವೋ, ನಾಲ್ಕು ಮತ್ತು ಮೇಲೋ ಎಂಬುದನ್ನು ಎಣಿಸಿ ಬರೆಯಿರಿ, ಮುಂದಿನ ಚಿಕಿತ್ಸೆಗೆ ಅದು ಬೇಕಾಗುತ್ತದೆ.

7. ಗಡ್ಡೆ ಯಾರದ್ದು?

ವಿಚಿತ್ರವಾಗಿ ಕಾಣುವ ಯಾವುದೇ ಥೈರಾಯ್ಡ್ ಗಡ್ಡೆಗೆ ಮೊದಲು ಥೈರೊಗ್ಲೋಬ್ಯುಲಿನ್ (ಫಾಲಿಕಲ್ ಜೀವಕೋಶದ ಗುರುತು) ಮತ್ತು ಕ್ಯಾಲ್ಸಿಟೋನಿನ್ (ಮೆಡ್ಯುಲ್ಲರಿಯ ಗುರುತು) ಜೋಡಿ ಹಾಕಿ. ಮೆಡ್ಯುಲ್ಲರಿ ಕಾರ್ಸಿನೋಮಾ ಫಾಲಿಕಲ್‌ನಂತೆ, ಆಂಕೋಸೈಟಿಕ್‌ನಂತೆ, ಕದಿರಿನಾಕಾರದ (ಸ್ಪಿಂಡಲ್) ಜೀವಕೋಶದಂತೆ ಹೇಗೆ ಬೇಕಾದರೂ ವೇಷ ಹಾಕುತ್ತದೆ. ಅದಕ್ಕೆ ರೇಡಿಯೋ ಅಯೋಡಿನ್ ಕೆಲಸ ಮಾಡದು, ಮನೆಯವರಿಗೆ ಆರ್‌ಇಟಿ ಜೀನ್ ಪರೀಕ್ಷೆ ಬೇಕಾಗಬಹುದು. ಕ್ಯಾಲ್ಸಿಟೋನಿನ್, ಸಿಇಎ, ಕ್ರೊಮೊಗ್ರಾನಿನ್ ಪಾಸಿಟಿವ್, ಥೈರೊಗ್ಲೋಬ್ಯುಲಿನ್ ನೆಗೆಟಿವ್ ಎಂದರೆ ಮೆಡ್ಯುಲ್ಲರಿ. ಥೈರೊಗ್ಲೋಬ್ಯುಲಿನ್ ಪಕ್ಕದ ಫಾಲಿಕಲ್‌ಗಳಿಂದ ಸೋರಿ ಗಡ್ಡೆಯ ಅಂಚನ್ನು ಕಂದು ಮಾಡುವುದುಂಟು, ನಡುಭಾಗ ನೋಡಿ ಓದಿ. ಪ್ಯಾರಾಥೈರಾಯ್ಡ್ ಅನುಮಾನಕ್ಕೆ ಪಿಟಿಎಚ್ ಮತ್ತು ಜಿಎಟಿಎ3. ಮೂತ್ರಪಿಂಡದ ಕ್ಯಾನ್ಸರ್ ಥೈರಾಯ್ಡ್‌ಗೆ ಹರಡಿದ್ದರೆ ಪಿಎಎಕ್ಸ್8 ಎರಡರಲ್ಲೂ ಪಾಸಿಟಿವ್, ಹಾಗಾಗಿ ಮೂತ್ರಪಿಂಡದ್ದರಲ್ಲಿ ನೆಗೆಟಿವ್ ಆಗುವ ಟಿಟಿಎಫ್-1 ಜತೆಗಿರಲಿ. ಶ್ವಾಸಕೋಶದ ಅಡಿನೋಕಾರ್ಸಿನೋಮಾದಲ್ಲಿ ಟಿಟಿಎಫ್-1 ಪಾಸಿಟಿವ್, ಥೈರೊಗ್ಲೋಬ್ಯುಲಿನ್ ನೆಗೆಟಿವ್.

ಹಯಲಿನೈಸಿಂಗ್ ಟ್ರಾಬೆಕ್ಯುಲರ್ ಗಡ್ಡೆಯನ್ನು ಪ್ಯಾಪಿಲ್ಲರಿ ಎಂದು ತಪ್ಪು ತಿಳಿಯುವುದು ಸುಲಭ, ನ್ಯೂಕ್ಲಿಯಸ್‌ನಲ್ಲಿ ಗೀರು, ಗುಳ್ಳೆ ಎಲ್ಲ ಇರುತ್ತವೆ. ಇಲ್ಲಿ ಕೆಐ-67ರ ಎಂಐಬಿ-1 ಕ್ಲೋನ್ ಒಂದು ಚಮತ್ಕಾರ ಮಾಡುತ್ತದೆ: ನ್ಯೂಕ್ಲಿಯಸ್ ಬಿಟ್ಟು ಪೊರೆಗೆ ಬಣ್ಣ ಹಿಡಿಯುತ್ತದೆ. ಕೋಣೆಯ ಉಷ್ಣಾಂಶದಲ್ಲಿ ಕೈಯಲ್ಲಿ ಹಾಕಿದಾಗ ಮಾತ್ರ. 37 ಡಿಗ್ರಿಯಲ್ಲಿ ಓಡುವ ಯಂತ್ರದಲ್ಲಿ ಅದು ಕಾಣದೆ ಹೋಗಬಹುದು. ದೊಡ್ಡ ಲ್ಯಾಬಿಗೆ ಕಳಿಸುವಾಗ ಇದನ್ನು ಫಾರಂನಲ್ಲೇ ಬರೆದು ಕೇಳಿ.

8. ಎಫ್‌ಎನ್‌ಎಸಿಯಲ್ಲಿ

ಸೂಜಿ ಪರೀಕ್ಷೆಯ ಉತ್ತರ ಬೆಥೆಸ್ಡಾ ಪದ್ಧತಿಯ ಆರು ವರ್ಗಗಳಲ್ಲಿ ಬರುತ್ತದೆ. 2023ರ ಆವೃತ್ತಿಯ ಪ್ರಕಾರ ಕ್ಯಾನ್ಸರ್ ಆಗಿರುವ ಸರಾಸರಿ ಸಾಧ್ಯತೆ 3ನೇ ವರ್ಗಕ್ಕೆ (ಖಚಿತವಿಲ್ಲದ್ದು) 22 ಶೇಕಡಾ, 4ನೇ ವರ್ಗಕ್ಕೆ (ಫಾಲಿಕ್ಯುಲರ್ ಗಡ್ಡೆ) 30, 5ನೆಯದಕ್ಕೆ (ಕ್ಯಾನ್ಸರ್ ಅನುಮಾನ) 74. ಮಾರ್ಕರ್ ಕೇಳುವ ಆಸೆ ಹುಟ್ಟುವುದು 3 ಮತ್ತು 4ರಲ್ಲಿ. ಅದಕ್ಕೆ ಸೆಲ್ ಬ್ಲಾಕ್ (ಸೂಜಿಯಲ್ಲಿ ಬಂದ ಜೀವಕೋಶಗಳನ್ನು ಸೇರಿಸಿ ಮಾಡಿದ ಬ್ಲಾಕ್) ಬೇಕು. ಸ್ಮಿಯರ್ ಮಾಡಿ ಉಳಿದದ್ದನ್ನು ತೊಳೆದು ಕಳಿಸಿದರೆ ಸಾಲದು, ಒಂದು ಪೂರ್ತಿ ಪಾಸ್ (ಸೂಜಿ ಒಮ್ಮೆ ಚುಚ್ಚಿ ತೆಗೆದದ್ದು) ಅದಕ್ಕೇ ಮೀಸಲಿಡಿ, ನೇರ ಬಫರ್ ಫಾರ್ಮಲಿನ್‌ಗೆ ಹಾಕಿ. ಆಲ್ಕೋಹಾಲ್‌ನಲ್ಲಿ ಇಟ್ಟ ಸೆಲ್ ಬ್ಲಾಕಿಗೆ ಫಾರ್ಮಲಿನ್ ಟಿಶ್ಯೂವಿನ ಪ್ರೋಟೋಕಾಲ್ ಹಾಗೇ ಹೊಂದುತ್ತದೆಂದು ನಂಬಬೇಡಿ, ಬೇರೆಯಾಗಿ ಪರೀಕ್ಷಿಸಿ ನೋಡಿ. 4ನೇ ವರ್ಗದ ಫಾಲಿಕ್ಯುಲರ್ ಗಡ್ಡೆಯಲ್ಲಿ ಸೂಜಿಗೆ ಕವಚ ಸಿಗುವುದೇ ಇಲ್ಲ, ಯಾವ ಮಾರ್ಕರ್ ಕೂಡ ಆ ಕೊರತೆ ತುಂಬದು.

9. ಕಂಟ್ರೋಲ್, ರಿಪೋರ್ಟ್, ಬ್ಲಾಕ್ ಕಳಿಸುವುದು

ಹೊಸ ಆ್ಯಂಟಿಬಾಡಿ ಬಳಕೆಗೆ ತರುವ ಮೊದಲು ಗೊತ್ತಿರುವ 10 ಪಾಸಿಟಿವ್, 10 ನೆಗೆಟಿವ್ ಕೇಸುಗಳಲ್ಲಿ ಹಾಕಿ, 90 ಶೇಕಡಾ ಹೊಂದಿಕೆಯಾಗಬೇಕು. ಅಮೆರಿಕದ ಪೆಥಾಲಜಿಸ್ಟರ ಕಾಲೇಜು ಹೇಳುವ ಈ ಕನಿಷ್ಠ ಮಟ್ಟ ಸಣ್ಣ ಲ್ಯಾಬಿಗೂ ಸಾಧ್ಯ. ಸಂಶಯವಿಲ್ಲದ ಪ್ಯಾಪಿಲ್ಲರಿ ಕಾರ್ಸಿನೋಮಾ ಮತ್ತು ಸಾದಾ ಗಳಗಂಡದ ತುಂಡುಗಳನ್ನು ಒಂದೇ ಬ್ಲಾಕಿನಲ್ಲಿ ಕೂಡಿಸಿಟ್ಟರೆ ದಿನದಿನದ ಕಂಟ್ರೋಲ್ ಒಂದೇ ಸ್ಲೈಡಿನಲ್ಲಿ ಮುಗಿಯುತ್ತದೆ.

ರಿಪೋರ್ಟಿನಲ್ಲಿ ‘ಐಎಚ್‌ಸಿ ಪಾಸಿಟಿವ್’ ಎಂದಷ್ಟೇ ಬರೆಯಬೇಡಿ. ಹೀಗಿರಲಿ: ‘ಬ್ಲಾಕ್ ಸಿ4. ಎಚ್‌ಬಿಎಂಇ-1: ಗಡ್ಡೆಯ 70 ಶೇಕಡಾ ಜೀವಕೋಶಗಳಲ್ಲಿ ಪೊರೆಯ ಮೇಲೆ ಗಾಢ. ಸಿಕೆ19: ಎಲ್ಲೆಡೆ ಗಾಢ. ಸಿಡಿ56: ಗಡ್ಡೆಯಲ್ಲಿ ಇಲ್ಲ, ಪಕ್ಕದ ಥೈರಾಯ್ಡ್‌ನಲ್ಲಿ ಇದೆ. ವಿಇ1: ನೆಗೆಟಿವ್. ನ್ಯೂಕ್ಲಿಯಸ್ ಅಂಕ 3. ಕವಚ ಪೂರ್ತಿ ನೋಡಲಾಗಿದೆ, ಇನ್ವೇಷನ್ ಇಲ್ಲ.’ ಇಷ್ಟು ಓದಿದ ಸರ್ಜನ್‌ಗೆ ಉಳಿದ ಲೋಬ್ ತೆಗೆಯಬೇಕೋ ಬೇಡವೋ ಎಂದು ಯೋಚಿಸಲು ಆಧಾರ ಸಿಗುತ್ತದೆ. ಎಲ್ಲ ಮಾಡಿದ ಮೇಲೂ ಇನ್ವೇಷನ್ ಹೌದೋ ಅಲ್ಲವೋ ಎಂಬುದು ತೀರದಿದ್ದರೆ ‘ಸ್ವಭಾವ ಖಚಿತವಿಲ್ಲದ ಗಡ್ಡೆ’ ಎಂಬ ಅಧಿಕೃತ ವರ್ಗವೇ 2022ರ ವರ್ಗೀಕರಣದಲ್ಲಿದೆ. ಸಂಕೋಚವಿಲ್ಲದೆ ಬಳಸಿ.

ಬೆಂಗಳೂರಿಗೆ ಕಳಿಸುವಾಗ ಸ್ಟೇನ್ ಹಾಕದ ಸ್ಲೈಡ್ ಬದಲು ಬ್ಲಾಕನ್ನೇ ಕಳಿಸಿ. ಜತೆಗೆ ಆ ಬ್ಲಾಕಿನ ಎಚ್ ಅಂಡ್ ಇ ಸ್ಲೈಡ್, ಗ್ರಾಸ್ (ಬರಿಗಣ್ಣಿಗೆ ಕಂಡ) ವಿವರ, ಎಫ್‌ಎನ್‌ಎಸಿ ರಿಪೋರ್ಟ್, ಮತ್ತು ಒಂದೇ ಸಾಲಿನ ಪ್ರಶ್ನೆ: ‘ಈ ಗುರುತು ಹಾಕಿದ ಜಾಗ ಪ್ಯಾಪಿಲ್ಲರಿ ಹೈಪರ್‌ಪ್ಲೇಸಿಯಾವೋ ಕಾರ್ಸಿನೋಮಾವೋ?’ ಜಾಗಕ್ಕೆ ಸ್ಲೈಡಿನ ಹಿಂಬದಿ ಮಾರ್ಕರ್ ಪೆನ್ನಿನಿಂದ ಸುತ್ತು ಹಾಕಿ. ಬ್ಲಾಕನ್ನು ಸ್ಪಂಜಿನಲ್ಲಿ ಸುತ್ತಿ ಗಟ್ಟಿ ಡಬ್ಬಿಯಲ್ಲಿಡಿ. ಮೇ ತಿಂಗಳಲ್ಲಿ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಟ್ಟರೆ ಮೇಣ ಮೆತ್ತಗಾಗಿ ಮುಖ ಹಾಳಾಗುತ್ತದೆ. ರೋಗಿಯ ಕಡೆಯವರ ಕೈಗೆ ಕೊಟ್ಟರೆ ರಿಜಿಸ್ಟರಿನಲ್ಲಿ ಬ್ಲಾಕ್ ಸಂಖ್ಯೆ, ತಾರೀಖು, ಸಹಿ ಹಾಕಿಸಿಕೊಳ್ಳಿ, ಇನ್ನೊಂದು ಒಳ್ಳೆಯ ಬ್ಲಾಕನ್ನು ನಿಮ್ಮಲ್ಲೇ ಉಳಿಸಿಕೊಳ್ಳಿ. ಕಳಿಸಿದ ಬ್ಲಾಕ್ ವಾಪಸ್ ಬಂದಾಗ ಮುಖದಲ್ಲಿ ಎಷ್ಟು ಟಿಶ್ಯೂ ಉಳಿದಿದೆ ನೋಡಿ, ಮತ್ತೊಂದು ಎಚ್ ಅಂಡ್ ಇ ಕತ್ತರಿಸಿ ಫೈಲಿಗೆ ಸೇರಿಸಿ.